ತಟ್ಟೆಯಲ್ಲಿ ಗೆದ್ದ ಮದ್ದು, ಉಗುರಿನಲ್ಲಿ ಸೋತ ಮದ್ದು

ಕಾಲುಗುರನ್ನು ಹಳದಿಗಟ್ಟಿಸಿ, ದಪ್ಪಗಾಗಿಸಿ, ಕೊನೆಗೆ ಪುಡಿಪುಡಿಯಾಗಿ ಉದುರಿಸುವ ಶಿಲೀಂಧ್ರಗಳಲ್ಲಿ ಮುಖ್ಯವಾದದ್ದು ಟ್ರೈಕೊಫೈಟಾನ್ ರೂಬ್ರಮ್. ಪೆಟ್ರಿ ತಟ್ಟೆಯಲ್ಲಿ ಅದು ಹಿಂಜಿದ ಅರಳೆಯಂತೆ ಬೆಳ್ಳಗೆ ಬೆಳೆಯುತ್ತದೆ. ತಟ್ಟೆ ಮಗುಚಿದರೆ ತಳದಲ್ಲಿ ನೇರಳೆಹಣ್ಣಿನ ಕಲೆಯಂಥ ಕೆಂಪು. ಮದ್ದಿನಲ್ಲಿ ಅದ್ದಿದ ಕಾಗದದ ಬಿಲ್ಲೆಯೊಂದನ್ನು ಅಲ್ಲಿಟ್ಟರೆ, ಕೆಲವು ದಿನಗಳಲ್ಲಿ ಬಿಲ್ಲೆಯ ಸುತ್ತ ಏನೂ ಬೆಳೆಯದ ಬಯಲು ಕಾಣುತ್ತದೆ. ಉಗುರಿಗೆ ಹಚ್ಚುವ ಎಣ್ಣೆ, ದ್ರಾವಣಗಳ ಮೇಲೆ 'ಪ್ರಯೋಗಾಲಯದಲ್ಲಿ ಸಾಬೀತಾಗಿದೆ' ಎಂದು ಬರೆಯಲು ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ಆದರೆ ಆ ತಟ್ಟೆಯಲ್ಲಿ ಉಗುರೇ ಇಲ್ಲ. ನನ್ನ ತಕರಾರು ಇರುವುದು ಇಲ್ಲಿ.

ತಟ್ಟೆಯಲ್ಲಿ ಶಿಲೀಂಧ್ರ ಬೆಳೆಯುವ ಲೋಳೆಯಂಥ ಅಗಾರ್ ಬಹುಪಾಲು ನೀರು. ಮದ್ದು ಅದರಲ್ಲಿ ಸಲೀಸಾಗಿ ಹರಡುತ್ತದೆ. ಉಗುರು ಹಾಗಲ್ಲ. ಸತ್ತ ಜೀವಕೋಶಗಳು ಪದರದ ಮೇಲೆ ಪದರವಾಗಿ ಒತ್ತಿಕೊಂಡು, ಗಂಧಕದ ಬಂಧಗಳಿಂದ ಬಿಗಿದುಕೊಂಡ ಕೆರಟಿನ್ ಅದು. ಶಿಲೀಂಧ್ರ ಅದರ ಅಡಿಯಲ್ಲಿ, ಉಗುರಿನ ಹಾಸಿನಲ್ಲಿ ಕೂತಿರುತ್ತದೆ. ಮದ್ದು ಅಲ್ಲಿಯವರೆಗೆ ಇಳಿಯಬೇಕು. ಇಳಿಯುವಾಗ ದಾರಿಯಲ್ಲೇ ಕೆರಟಿನ್ನಿಗೆ ಅಂಟಿಕೊಂಡು ನಿಂತರೆ ಕೆಲಸ ಕೆಟ್ಟಿತು.

ಟರ್ಬಿನಫಿನ್ ಕಥೆಯನ್ನೇ ನೋಡಿ. ಶಿಲೀಂಧ್ರದ ಬೆಳವಣಿಗೆ ನಿಲ್ಲಿಸಲು ಬೇಕಾದ ಅತಿ ಕಡಿಮೆ ಪ್ರಮಾಣವನ್ನು ಅಳೆಯುವ ಪರೀಕ್ಷೆಯಲ್ಲಿ ಅದಕ್ಕೆ ಸಾಟಿಯಾದ ಮದ್ದುಗಳು ಕಡಿಮೆ. ಮಾತ್ರೆಯಾಗಿ ನುಂಗಿದಾಗಲೂ ಅದು ಒಳ್ಳೆಯ ಮದ್ದು. ರಕ್ತದ ಮೂಲಕ ಉಗುರಿನ ಬುಡಕ್ಕೆ ತಲುಪುತ್ತದೆ. ಅದನ್ನೇ ಉಗುರಿನ ಮೇಲೆ ಹಚ್ಚುವ ದ್ರಾವಣವಾಗಿಸಿ ದೊಡ್ಡ ಪ್ರಮಾಣದಲ್ಲಿ ರೋಗಿಗಳ ಮೇಲೆ ಪರೀಕ್ಷಿಸಿದಾಗ, ಪೂರ್ಣ ಗುಣವೆಂಬ ಮುಖ್ಯ ಗುರಿಯನ್ನು ಅದು ಮುಟ್ಟಲಿಲ್ಲ. ಮದ್ದು ಅದೇ, ಶಿಲೀಂಧ್ರವೂ ಅದೇ. ಹೋಗುವ ದಾರಿ ಮಾತ್ರ ಬೇರೆ.

ಉಗುರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪರೀಕ್ಷೆಗಳು ಇಲ್ಲವೆಂದಲ್ಲ. ದ್ರಾವಣಕ್ಕೆ ಕೆರಟಿನ್ ಪುಡಿ ಬೆರೆಸಿ, ಮದ್ದಿನ ಬಲ ಎಷ್ಟು ಕುಗ್ಗುತ್ತದೆಂದು ನೋಡುತ್ತಾರೆ. ಎಫಿನಕೊನಜೋಲ್ ಎಂಬ ಹಚ್ಚುವ ಮದ್ದು ಗಮನ ಸೆಳೆದದ್ದು ಅದು ಕೆರಟಿನ್ನಿಗೆ ಅಷ್ಟಾಗಿ ಅಂಟುವುದಿಲ್ಲ ಎಂಬ ಗುಣದಿಂದ. ಇನ್ನೊಂದು, ಫ್ರಾನ್ಜ್ ಕೋಶ: ಎರಡು ಗಾಜಿನ ಕೋಣೆಗಳ ನಡುವೆ ಉಗುರಿನ ಚೂರನ್ನು ಬಿಗಿದು, ಮೇಲೆ ಮದ್ದು ಹಚ್ಚಿ, ಕೆಳಗಿನ ದ್ರವಕ್ಕೆ ಎಷ್ಟು ಇಳಿಯಿತೆಂದು ದಿನಗಟ್ಟಲೆ ಅಳೆಯುವುದು. ಮನುಷ್ಯರ ಉಗುರು ಬೇಕಾದಷ್ಟು ಸಿಗದೆ ದನದ ಗೊರಸಿನ ತೆಳು ಬಿಲ್ಲೆಗಳನ್ನು ಬಳಸುವುದುಂಟು. ಗೊರಸಿನಲ್ಲಿ ಮದ್ದು ಮನುಷ್ಯರ ಉಗುರಿಗಿಂತ ಸುಲಭವಾಗಿ ಇಳಿಯುತ್ತದೆ, ಆದ್ದರಿಂದ ಆ ಅಂಕಿಗಳನ್ನು ಹಾಗೆಯೇ ನಂಬಬಾರದು. ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು, ಕತ್ತರಿಸಿದ ಉಗುರಿಗೇ ಶಿಲೀಂಧ್ರ ಹತ್ತಿಸಿ, ಬೆಳೆಯಲು ಬಿಟ್ಟು, ಮೇಲಿನಿಂದ ಮದ್ದು ಹಚ್ಚಿ, ಕೆಳಗೆ ಜೀವ ಎಷ್ಟು ಉಳಿದಿದೆ ಎಂದು ನೋಡುವ ವಿಧಾನ. ಕೇಳಬೇಕಾದ ಪ್ರಶ್ನೆಯನ್ನು ಅದು ನೇರವಾಗಿ ಕೇಳುತ್ತದೆ.

ಆದರೂ ಕತ್ತರಿಸಿದ ಉಗುರು ಬೆಳೆಯುವುದಿಲ್ಲ, ಬೆವರುವುದಿಲ್ಲ, ಶೂ ಒಳಗೆ ಬೇಯುವುದಿಲ್ಲ. ಕೊನೆಯ ಉತ್ತರ ರೋಗಿಗಳ ಕಾಲಿನಲ್ಲೇ ಸಿಗಬೇಕು. ಎಫಿನಕೊನಜೋಲ್ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಪಡೆದದ್ದು ಎರಡು ಪರೀಕ್ಷೆಗಳ ಆಧಾರದ ಮೇಲೆ. ರೋಗಿಗಳು 48 ವಾರ ದಿನವೂ ಹಚ್ಚಿಕೊಂಡರು. 52ನೇ ವಾರದಲ್ಲಿ ಪೂರ್ಣ ಗುಣ ಕಂಡವರು ಶೇ. 17.8 ಮತ್ತು ಶೇ. 15.2, ಮದ್ದಿಲ್ಲದ ದ್ರಾವಣ ಹಚ್ಚಿದವರಲ್ಲಿ ಶೇ. 3.3 ಮತ್ತು ಶೇ. 5.5. ಶಿಲೀಂಧ್ರ ಹೋಗಿದೆಯೆಂದು ಪರೀಕ್ಷೆಯಲ್ಲಿ ಕಂಡದ್ದು ಮದ್ದು ಹಚ್ಚಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ. ಉಗುರು ತಿಳಿಯಾದದ್ದು ಕೆಲವರಿಗಷ್ಟೇ. ಅದೂ ಪರೀಕ್ಷೆಗೆ ಸೇರಿಸಿಕೊಂಡದ್ದು ಉಗುರಿನ ಅರ್ಧದವರೆಗೆ ಮಾತ್ರ ಸೋಂಕಿದ್ದವರನ್ನು. ಹಚ್ಚುವ ಮದ್ದುಗಳಲ್ಲಿ ಇದು ಒಳ್ಳೆಯ ಫಲಿತಾಂಶವೇ. ತಟ್ಟೆಯ ಬಯಲನ್ನಷ್ಟೇ ನೋಡಿ ಸೀಸೆ ಕೊಂಡವರಿಗೆ ಈ ಅಂಕಿಗಳನ್ನು ಯಾರೂ ಹೇಳಿರುವುದಿಲ್ಲ.

ತಟ್ಟೆಯ ಪರೀಕ್ಷೆಯನ್ನು ತೆಗೆದುಹಾಕಿ ಎನ್ನುತ್ತಿಲ್ಲ. ನೂರು ರಾಸಾಯನಿಕಗಳಲ್ಲಿ ಹತ್ತನ್ನು ಜರಡಿ ಹಿಡಿಯಲು ಅದು ಬೇಕೇ ಬೇಕು. ಅದನ್ನು ಕೊನೆಯ ಸಾಕ್ಷಿಯಾಗಿ ಗ್ರಾಹಕರ ಮುಂದಿಡುವುದು ತಪ್ಪು. ಸೀಸೆಯ ಮೇಲೆ ಬರೆಯುವವರು ಪರೀಕ್ಷೆ ನಡೆದದ್ದು ಅಗಾರಿನಲ್ಲೋ, ಗೊರಸಿನಲ್ಲೋ, ಮನುಷ್ಯರ ಕಾಲಿನಲ್ಲೋ ಎಂಬುದನ್ನೂ ಬರೆಯಲಿ. ಇನ್ನು ಓದುಗರಿಗೆ ಒಂದು ಮಾತು: ಕೆಟ್ಟ ಉಗುರೆಲ್ಲ ಶಿಲೀಂಧ್ರದ್ದಲ್ಲ, ಸೋರಿಯಾಸಿಸ್‌ನಿಂದಲೂ, ಪೆಟ್ಟಿನಿಂದಲೂ ಉಗುರು ಹೀಗೇ ಕೆಡುತ್ತದೆ. ಮದ್ದು ಕೊಳ್ಳುವ ಮೊದಲು ಚರ್ಮವೈದ್ಯರ ಬಳಿ ಉಗುರು ಕೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ತಾಳ್ಮೆಯೂ ಇರಲಿ: ಕಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಿ ಬರಲು 12ರಿಂದ 18 ತಿಂಗಳು ಬೇಕು.