ಗೇಣಗಲದ ಬಾನುಲಿ

ಬಾನುಲಿಯ ಪ್ರೇಷಕಯಂತ್ರವೆಂದೊಡನೆ ಮುಗಿಲಿಗೆ ಮುಖಮಾಡಿದ ಲೋಹಸ್ತಂಭಗಳೂ, ಸಾವಿರಾರು ವಾಟುಗಳ ವಿದ್ಯುಚ್ಛಕ್ತಿಯೂ, ಪಹರೆಯವನು ಕಾಯುವ ಸರ್ಕಾರಿ ಆವರಣವೂ ನಮ್ಮ ಕಣ್ಣಿಗೆ ಕಟ್ಟುವುದು ರೂಢಿಯಾಗಿರುವುದರಿಂದ, ಒಂದು ಟ್ರಾನ್ಸಿಸ್ಟರು, ಒಂಬತ್ತು ವೋಲ್ಟಿನ ಒಂದು ಬ್ಯಾಟರಿ, ಪೆನ್ಸಿಲ್ಲಿಗೆ ನಾಲ್ಕೈದು ಸುತ್ತು ಬಿಗಿದು ತೆಗೆದ ತಾಮ್ರದ ಸುರುಳಿ, ಮೊಳಕ್ಕಿಂತ ತುಸು ಉದ್ದದ ತಂತಿ, ಒಂದು ಪುಟ್ಟ ಮೈಕು, ಇವೇ ಮೊದಲಾದ ಕೆಲವನ್ನೇ ಕೂಡಿಸಿ ಅಂಗೈಯಲ್ಲಿ ಹಿಡಿದು ಆಡಿದ ಮಾತು ಪಕ್ಕದ ಮನೆಯ ಎಫ್.ಎಂ. ರೇಡಿಯೋದಲ್ಲಿ ಸ್ಪಷ್ಟವಾಗಿ ಕೇಳಿಬರುವುದು ಮೊದಲ ಸಲ ಕಂಡವರಿಗೆ ಇಂದ್ರಜಾಲವಾಗಿಯೇ ತೋರುವುದು. ಆದರೆ ಇದರ ದೋಷಗಳು ಅರ್ಧ ಗಂಟೆಯೊಳಗೇ ಪ್ರಕಟವಾಗುವುವು. ತಂತಿಯ ಹತ್ತಿರಕ್ಕೆ ಕೈ ಒಯ್ದರೆ ತರಂಗಾಂತರ ಜಾರುವುದು. ಬಿಸಿಲೇರಿ ಸುರುಳಿ ಕಾದರೆ ಮತ್ತಷ್ಟು ಜಾರುವುದು. ಬೆಳಿಗ್ಗೆ ಮುಳ್ಳನ್ನು ಒಂದೆಡೆ ಇರಿಸಿ ಕೇಳಿದವನು ಮಧ್ಯಾಹ್ನ ಅದೇ ಸ್ಥಳದಲ್ಲಿ ಬರಿಯ ಮೊರೆತವನ್ನು ಕೇಳುವನು. ಆಟಿಕೆಯಾಗಿ ಇದು ಅತ್ಯುತ್ತಮ, ಪ್ರಸಾರಸಾಧನವಾಗಿ ಇದು ಅಪಕ್ವ. ತರಂಗಾಂತರವನ್ನು ಕದಲದಂತೆ ಹಿಡಿದಿಡುವ ಮಂಡಲವುಳ್ಳ ಸಿದ್ಧ ಯಂತ್ರಗಳು ಈಗ ಸುಲಭಬೆಲೆಗೆ ದೊರೆಯುವುದರಿಂದ ಈ ಆಕ್ಷೇಪಣೆ ಬಹುಮಟ್ಟಿಗೆ ನಿಲ್ಲಲಾರದಾದರೂ, ಅದಕ್ಕಿಂತ ದೊಡ್ಡದಾದ ಇನ್ನೊಂದು ಪ್ರಶ್ನೆ ಹಾಗೆಯೇ ಉಳಿಯುತ್ತದೆ: ಇಂಥ ಯಂತ್ರವನ್ನು ಇಟ್ಟುಕೊಂಡವನಿಗೆ ಹೇಳುವುದಕ್ಕೆ ಏನಿದೆ?

ಕಿಬ್ಬನಹಳ್ಳಿಯ ಕ್ರಾಸಿನಲ್ಲಿ, ಎಂದರೆ ಸುತ್ತಿನವರೆಲ್ಲ ಕೆ.ಬಿ. ಕ್ರಾಸ್ ಎಂದು ಕರೆಯುವ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ತುಮಕೂರುಗಳ ದಾರಿಗಳು ಸಂಧಿಸುವ ಆ ಸ್ಥಳದಲ್ಲಿ, ಗೊಬ್ಬರದ ಅಂಗಡಿಯವನೊಬ್ಬನು ಮಾಳಿಗೆಯ ಮೇಲೆ ಇಂಥದೊಂದು ಯಂತ್ರವನ್ನಿರಿಸಿ, ಹಾಡುಗಳ ನಡುವೆ ತನ್ನ ಸರಕಿನ ಗುಣಗಾನ ಮಾಡಿದನೆಂದು ಭಾವಿಸೋಣ. ಎಫ್.ಎಂ. ತರಂಗದ ಉದ್ದ ಸುಮಾರು ಮೂರು ಮೀಟರು; ಬೆಳಕಿನಂತೆ ನೇರವಾಗಿ ಹೋಗುವ ಸ್ವಭಾವದ್ದು; ಅಡ್ಡಬಂದುದನ್ನು ಬಳಸಿ ಮುಂದುವರಿಯುವ ಸಾಮರ್ಥ್ಯ ಅದಕ್ಕೆ ಅಲ್ಪ. ನಮ್ಮ ಸೀಮೆಯ ತಿಪಟೂರು ಎತ್ತರದ ತಳಿಯ ತೆಂಗು ಐವತ್ತು-ಅರುವತ್ತು ಅಡಿಗೆ ಏರುವುದಾದ್ದರಿಂದ, ಮಾಳಿಗೆಯ ಮೇಲಿನ ಆಂಟೆನಾ ಕಡ್ಡಿಗೆ ಬಾನಿನ ಬದಲು ಕಾಂಡಗಳೇ ಎದುರಾಗುವುವು, ಮಳೆಗಾಲದಲ್ಲಿ ತೊಯ್ದ ಗರಿಗಳು ಉಳಿದುದನ್ನೂ ಹೀರುವುವು. ಬಯಲಿನಲ್ಲಿಯೇ ದೂರವನ್ನು ಇಮ್ಮಡಿಯಾಗಿಸಲು ಶಕ್ತಿಯನ್ನು ನಾಲ್ಮಡಿ ಮಾಡಬೇಕೆಂಬ ನಿಯಮವಿರುವಾಗ, ತೋಟದೊಳಗೆ ವಾಟುಗಳನ್ನು ಹೆಚ್ಚಿಸುತ್ತ ಹೋಗುವುದು ವ್ಯರ್ಥಸಾಹಸ, ಬೇಕಾದದ್ದು ಎತ್ತರ. ಎತ್ತರವೂ ಶಕ್ತಿಯೂ ಕೂಡಿದೊಡನೆ ನೆರೆಯವರ ಹಕ್ಕಿನ ಮಾತು ಬರುವುದು. ಎಫ್.ಎಂ. ಗ್ರಾಹಕವು ಒಂದೇ ಸ್ಥಾನದಲ್ಲಿರುವ ಎರಡು ಧ್ವನಿಗಳಲ್ಲಿ ಬಲಿಷ್ಠವಾದುದನ್ನು ಮಾತ್ರ ಹಿಡಿದು ಇನ್ನೊಂದನ್ನು ಸಂಪೂರ್ಣವಾಗಿ ನುಂಗುವ ಗುಣವುಳ್ಳದ್ದು. ಅಂಗಡಿಯವನು ಅಜ್ಞಾನದಿಂದ ಹಾಸನ ಆಕಾಶವಾಣಿಯ 102.2 ಮೆಗಾಹರ್ಟ್ಜ್ ಸ್ಥಾನದ ಮೇಲೆ ಕುಳಿತರೆ ಬೀದಿಯವರಿಗೆಲ್ಲ ಆ ಹೊತ್ತಿಗೆ ಹಾಸನವೇ ಇಲ್ಲವಾಗುವುದು. ಇಷ್ಟು ಉಪದ್ರವದ ಫಲವಾಗಿ ಊರಿಗೆ ದೊರೆಯುವುದಾದರೂ ಏನು? ಆಟೋ ರಿಕ್ಷಾಕ್ಕೆ ಮೈಕು ಕಟ್ಟಿ ದಿನವೂ ಕೂಗುತ್ತಿರುವ ಅದೇ ಜಾಹೀರಾತು! ಕಿರುವ್ಯಾಪಾರಿಯ ಪ್ರಸಾರವನ್ನು ಕುರಿತು ನನ್ನ ಅಭಿಪ್ರಾಯ ಇಷ್ಟರಿಂದಲೇ ತಿಳಿಯಬಹುದಾದ್ದರಿಂದ ಅದನ್ನು ಬೆಳೆಸುವುದಿಲ್ಲ.

ವ್ಯಕ್ತಿಯೊಬ್ಬನ ಹವ್ಯಾಸವಾಗಿ ಬಾನುಲಿ ಸಾರ್ಥಕವಾದ ನಿದರ್ಶನ ನಮ್ಮ ನಾಡಿನಲ್ಲಿಯೇ ಉಂಟು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವಾಟಿನ ಪ್ರೇಷಕವನ್ನಿರಿಸಿ ಪ್ರಸಾರ ಆರಂಭಿಸಿದರು. ಅನಂತರ 250 ವಾಟಿನ ಯಂತ್ರ ಬಂದಿತು. 1940ರ ದಶಕದ ಆದಿಯಲ್ಲಿ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಸಾಗಿತು. ಅದು ಎಫ್.ಎಂ. ಅಲ್ಲ, ಎಫ್.ಎಂ. ನಮ್ಮ ದೇಶಕ್ಕೆ ಕಾಲಿಟ್ಟದ್ದೇ 1977ರಲ್ಲಿ. ಆದರೆ ಇಂದಿನ ಅಳತೆಯಲ್ಲಿ 30 ವಾಟು ಕಿರಿದೇ ಸರಿ. ಅಷ್ಟು ಕಿರಿದಾದುದು ಇತಿಹಾಸದಲ್ಲಿ ನಿಂತದ್ದಕ್ಕೆ ಕಾರಣ ಯಂತ್ರವಲ್ಲ. ಆ ಮನೆಯ ಸುತ್ತ ಮಾತನಾಡಬಲ್ಲವರು, ಹಾಡಬಲ್ಲವರು, ಬರೆಯಬಲ್ಲವರು ನೆರೆದಿದ್ದುದು.

ಮೈಸೂರಿನಂಥ ವಿದ್ವತ್ಸಮೂಹ ಎಲ್ಲೆಡೆ ದೊರೆಯದೆಂಬುದು ನಿಜ. ಅದು ಅವಶ್ಯವೂ ಅಲ್ಲವೆಂಬುದನ್ನು ಕೋಲಾರ ಜಿಲ್ಲೆ ತೋರಿಸಿಕೊಟ್ಟಿತು. ಹೈದರಾಲಿಯ ಜನ್ಮಸ್ಥಳವಾದ ಬೂದಿಕೋಟೆಯಲ್ಲಿ, ಈ ಶತಮಾನದ ಆರಂಭದಲ್ಲಿ, ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ‘ನಮ್ಮ ಧ್ವನಿ’ಯನ್ನು ಕಟ್ಟಿದಾಗ, ಗ್ರಾಮಸ್ಥರಿಗೆ ಆಕಾಶದಲ್ಲಿ ಮಾತಾಡಲು ಕಾನೂನು ಅವಕಾಶವೀಯದ ಕಾರಣ, ಅವರು ಟಿ.ವಿ. ಕೇಬಲ್ಲಿನ ತಂತಿಯೊಳಗೇ ತಮ್ಮ ಮಾತನ್ನು ಹರಿಸಿದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಧ್ವನಿಮುದ್ರಿಸಿ ಪ್ರಸಾರಮಾಡಿದ ಆ ನಿಲಯಕ್ಕೆ ತರಂಗವೇ ಇರಲಿಲ್ಲ. ಆದರೂ ಅದು ನಿಜವಾದ ಬಾನುಲಿ. ಅದಕ್ಕೆ ಪ್ರತಿಯಾಗಿ ಬಿಹಾರದ ಮನ್ಸೂರ್‌ಪುರದಲ್ಲಿ ರಾಘವ್ ಎಂಬ ರೇಡಿಯೋ ರಿಪೇರಿಯ ತರುಣನು ತನ್ನ ಅಂಗಡಿಯಿಂದಲೇ, ಕೆಲವೇ ರೂಪಾಯಿಗಳ ಯಂತ್ರವನ್ನು ಬಿದಿರಿನ ಗಳುವಿಗೆ ಕಟ್ಟಿ ನಡೆಸಿದ ನಿಲಯ ಜನಪ್ರಿಯವಾಯಿತು, ಪತ್ರಿಕೆಗಳಲ್ಲಿ ಮೆರೆಯಿತು, 2006ರಲ್ಲಿ ಪರವಾನಗಿಯಿಲ್ಲವೆಂದು ಮುಚ್ಚಲ್ಪಟ್ಟಿತು. ಸುದ್ದಿಯಾಗಿ ಅದು ಸೊಗಸಾದುದಾದರೂ, ಮಾದರಿಯಾಗಿ ಬೂದಿಕೋಟೆಯ ಬಡತಂತಿಯೇ ಉತ್ತಮವೆಂದು ನನಗೆ ತೋರುತ್ತದೆ. ಏಕೆಂದರೆ ಒಬ್ಬನ ಉತ್ಸಾಹಕ್ಕೆ ಬೀಗ ಹಾಕುವಷ್ಟು ಸುಲಭವಾಗಿ ಒಂದು ಊರಿನ ಅಭ್ಯಾಸಕ್ಕೆ ಹಾಕಲಾಗುವುದಿಲ್ಲ. ಮುಂದೆ ‘ನಮ್ಮ ಧ್ವನಿ’ಗೆ ಎಫ್.ಎಂ. ಪರವಾನಗಿಯೂ ದೊರೆಯಿತು.

ಕಾನೂನಿನ ವರ್ತನೆಯನ್ನು ಹೊಗಳುವುದು ಕಷ್ಟ. 1885ರ ತಂತಿ ಕಾಯಿದೆ, 1933ರ ನಿಸ್ತಂತು ಕಾಯಿದೆಗಳ ನೆರಳಿನಲ್ಲಿ ಕೇಳುವ ರೇಡಿಯೋವಿಗೇ 1980ರ ದಶಕದವರೆಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸು ಮಾಡಿಸಬೇಕಾಗಿದ್ದುದನ್ನು ಹಿರಿಯರು ಮರೆತಿರಲಾರರು. ಆಕಾಶತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ಸಾರಿದರೂ, ಆ ಸ್ವತ್ತಿನ ಒಂದು ಗುಂಟೆಯೂ ಗ್ರಾಮಸಮುದಾಯಗಳ ಸಂಸ್ಥೆಗಳಿಗೆ ದಕ್ಕಲು 2006ರ ಸಮುದಾಯ ಬಾನುಲಿ ನೀತಿ ಬರಬೇಕಾಯಿತು. ಬಂದಮೇಲೂ ವ್ಯಕ್ತಿಗಳಿಗೆ ಪ್ರವೇಶವಿಲ್ಲ, ಲಾಭಕ್ಕಾಗಿ ನಡೆಯುವ ಸಂಸ್ಥೆಗಳಿಗಿಲ್ಲ, ಸ್ವಂತ ಸುದ್ದಿ ಓದುವಂತಿಲ್ಲ. ಅಮೆರಿಕದಲ್ಲಿ ಇನ್ನೂರು ಅಡಿಯೊಳಗೆ ಅಡಗುವ ಕ್ಷೀಣಪ್ರಸಾರಕ್ಕೆ ಯಾರೂ ಪರವಾನಗಿ ಕೇಳುವುದಿಲ್ಲ. ಬ್ರಿಟನ್ನು ಕಾರಿನೊಳಗಿನ ಪುಟ್ಟ ಪ್ರೇಷಕಗಳನ್ನು 2006ರಲ್ಲಿ ಬಂಧಮುಕ್ತಗೊಳಿಸಿತು. ಅಷ್ಟರ ಅಂತರದಲ್ಲಿ ಮಾತಾಡುವವನು ನಮ್ಮಲ್ಲಿಯೂ ರಾಷ್ಟ್ರಕ್ಕೆ ಅಪಾಯಕಾರಿಯೆಂದು ನಂಬುವುದು ನನ್ನಿಂದಾಗದು. ಅಂಗಡಿಯವನ ಪ್ರಸಾರ ನೀರಸವೆಂದು ನಾನು ಹೇಳಿದ್ದು ಅಭಿರುಚಿಯ ತೀರ್ಪು. ಅದು ಅಪರಾಧವೆಂಬ ತೀರ್ಪಲ್ಲ.

ಕೈಗೊಂದು ಮೊಬೈಲು ಬಂದಿರುವಾಗ, ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ ಹರಾಜು ಮುಗಿಯುವ ಮೊದಲೇ ವಾಟ್ಸಾಪಿನಲ್ಲಿ ಓಡಾಡುತ್ತಿರುವಾಗ, ಈ ಹಳೆಯ ಯಂತ್ರವೇಕೆ ಎಂಬ ಆಕ್ಷೇಪ ಬಲವಾದುದು. ಆದರೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಅಲುಗಿಸಿದರೆ ಒಳಗೆ ಗಿಟುಕು ಲೊಟಲೊಟ ಸದ್ದುಮಾಡುವ ಹದಕ್ಕೆ ಬಂದ ಕಾಯನ್ನು ಇಳಿಸಿ, ಸಿಪ್ಪೆ ಸುಲಿದು, ಚಿಪ್ಪನ್ನು ಒಡೆದು, ಉಂಡೆ ಕೊಬ್ಬರಿ ಹೋಳಾಗದಂತೆ ಬಿಡಿಸುವ ಕೆಲಸವನ್ನು ಹತ್ತಿರದಿಂದ ನೋಡಿದವರು ಉತ್ತರವನ್ನು ತಾವೇ ಕಂಡುಕೊಳ್ಳುವರು. ಒಂದು ಕೈಯಲ್ಲಿ ಕಾಯಿ, ಇನ್ನೊಂದರಲ್ಲಿ ಕತ್ತಿ. ಕಣ್ಣು ಕತ್ತಿಯ ಅಲಗಿನ ಮೇಲೆ. ಆ ಹೆಂಗಸರಿಗೆ ಇಡೀ ಹಗಲು ಬಿಡುವಾಗಿರುವುದು ಕಿವಿಯೊಂದೇ. ಪರದೆಯನ್ನು ಉಜ್ಜುತ್ತ ಕೂರಬೇಕಾದ ಯಾವ ಸಾಧನವೂ ಅಲ್ಲಿಗೆ ಸಲ್ಲದು. ಮೂಲೆಯಲ್ಲಿ ಹಾಡುವ ರೇಡಿಯೋ ಸಲ್ಲುವುದು. ನುಸಿಪೀಡೆಗೆ, ಕಪ್ಪುತಲೆ ಹುಳುವಿಗೆ, ಕಾಂಡ ಸೋರುವ ರೋಗಕ್ಕೆ ಮದ್ದೇನೆಂಬುದನ್ನೂ, ಯಾವ ಕೆರೆಗೆ ನೀರು ಬಂದಿತು, ಯಾವ ಊರಲ್ಲಿ ಜಾತ್ರೆ ಎಂಬುದನ್ನೂ, ಈ ಸೀಮೆಯ ಕನ್ನಡದಲ್ಲಿಯೇ ಹೇಳಬಲ್ಲ ನಿಲಯ ಬೆಂಗಳೂರಿನಲ್ಲಿ ಹುಟ್ಟಲಾರದು. ಹತ್ತು-ಹದಿನೈದು ಕಿಲೋಮೀಟರಿನ ಆಚೆ ಯಾರಿಗೂ ಬೇಡವಾದ, ಅದರ ಒಳಗೆ ಎಲ್ಲರಿಗೂ ಬೇಕಾದ ಮಾತುಗಳಿವು. ಕಿರುಪ್ರೇಷಕದ ಯೋಗ್ಯತೆ ಇಂಥ ಮಾತುಗಳ ಸಂಪತ್ತಿನಿಂದ ಅಳೆಯತಕ್ಕದ್ದು. ಆ ಸಂಪತ್ತು ಮಳಿಗೆಯೊಂದಕ್ಕಿಲ್ಲ, ಮೂರು ತಾಲ್ಲೂಕುಗಳ ತೆಂಗಿನ ಸೀಮೆಗಿದೆ.

2006ರ ನೀತಿ ಪರವಾನಗಿಗೆ ಅರ್ಹರೆಂದು ಹೆಸರಿಸಿದವರಲ್ಲಿ ಕೃಷಿ ವಿಜ್ಞಾನ ಕೇಂದ್ರಗಳೂ ಸೇರಿವೆ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಅಂಥ ಕೇಂದ್ರವೊಂದಿದೆ. ಅಲ್ಲಿ ನೂರು ವಾಟಿನ ಪರಿಣಾಮಕಾರಿ ಪ್ರಸಾರಶಕ್ತಿಯೂ, ತೆಂಗಿನ ತಲೆಗಿಂತ ಮೇಲೇರುವ ಮೂವತ್ತು ಮೀಟರಿನವರೆಗಿನ ಸ್ತಂಭವೂ ನಿಯಮಸಮ್ಮತವಾಗಿಯೇ ದೊರೆಯಬಹುದು. ಬೆಳೆಗಾರರ ಸಂಘಗಳವರೂ, ಕೊಬ್ಬರಿ ಸುಲಿಯುವ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳವರೂ ಕೂಡಿ ಇಂಥ ನಿಲಯವೊಂದನ್ನು ತೆರೆಯಬೇಕೆಂಬ ಮನವಿಯನ್ನು ಆ ಕೇಂದ್ರದ ಮುಂದಿಡಬೇಕೆಂದು ನನ್ನ ಕೋರಿಕೆ.