‘ನೋಸ್ತ್ರ ಎತಾತೆ’: ಕೆಲವು ವಾಕ್ಯಗಳ ವ್ಯಾಖ್ಯಾನ

ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಅಂಗೀಕರಿಸಿದ ‘ನೋಸ್ತ್ರ ಎತಾತೆ’ ಅನ್ಯಧರ್ಮಗಳೊಡನೆ ಕಥೋಲಿಕ ಧರ್ಮಸಭೆಯ ಸಂಬಂಧವನ್ನು ಕುರಿತ, ಐದೇ ಭಾಗಗಳ ಚಿಕ್ಕ ಘೋಷಣೆ. ಪರವಾಗಿ 2,221 ಮತ ಬಿದ್ದರೆ ವಿರೋಧವಾಗಿ 88. ಮೊದಲಿಗೆ ಯೆಹೂದ್ಯರ ಕುರಿತ ಹೇಳಿಕೆಯಾಗಿ ಕಾರ್ಡಿನಲ್ ಆಗಸ್ಟಿನ್ ಬೆಯಾ ಅವರ ನೇತೃತ್ವದಲ್ಲಿ ರೂಪುಗೊಂಡದ್ದು, ಚರ್ಚೆ ಬೆಳೆದಂತೆ ಹಿಂದೂ, ಬೌದ್ಧ, ಇಸ್ಲಾಂ ಧರ್ಮಗಳನ್ನೂ ಒಳಗೊಂಡಿತು. ಎರಡನೆಯ ಭಾಗದ ಕೊನೆಯ ವಾಕ್ಯಗಳನ್ನೂ ಐದನೆಯ ಭಾಗದ ಮುಖ್ಯ ಮಾತನ್ನೂ ಇಲ್ಲಿ ತಾತ್ಪರ್ಯರೂಪದಲ್ಲಿ ತೆಗೆದುಕೊಂಡು ನೋಡೋಣ.

ಒಂದನೆಯ ವಾಕ್ಯ. ಅನ್ಯಧರ್ಮಗಳಲ್ಲಿ ಸತ್ಯವಾದದ್ದು, ಪವಿತ್ರವಾದದ್ದು ಏನಿದೆಯೋ ಅದರಲ್ಲಿ ಯಾವುದನ್ನೂ ತಾನು ಬೇಡವೆನ್ನುವುದಿಲ್ಲ ಎಂದು ಧರ್ಮಸಭೆ ಇಲ್ಲಿ ಹೇಳುತ್ತದೆ.

ಇದಕ್ಕೆ ತುಸು ಮೊದಲು ಹಿಂದೂಗಳ ತತ್ತ್ವಚಿಂತನೆ, ತಪಸ್ಸು, ಧ್ಯಾನ, ಭಕ್ತಿಯ ಶರಣಾಗತಿಗಳ ಪ್ರಸ್ತಾಪ ಬಂದಿದೆ. ಹಾಗಾಗಿ ಇದು ಯಾರನ್ನೂ ಉದ್ದೇಶಿಸದ ಸೌಜನ್ಯದ ಮಾತಲ್ಲ. ಬೇರೆಯವರ ಆರಾಧನೆಯನ್ನು ಬರೀ ಕತ್ತಲೆಯೆಂದು ನೋಡಿದ ಶತಮಾನಗಳ ಅಭ್ಯಾಸವನ್ನು ಈ ವಾಕ್ಯ ಕೈಬಿಡುತ್ತದೆ. ಎಲ್ಲ ಧರ್ಮಗಳೂ ಒಂದೇ ಎಂದೂ ಅದು ಹೇಳುವುದಿಲ್ಲ.

ಎರಡನೆಯದು. ಆ ಜನರ ಬಾಳುವೆ, ನಡತೆ, ವಿಧಿನಿಯಮ, ಬೋಧನೆಗಳು ಕ್ರೈಸ್ತ ಬೋಧನೆಗಿಂತ ಬೇರೆಯಾಗಿದ್ದರೂ, ಎಲ್ಲರನ್ನೂ ಬೆಳಗುವ ಸತ್ಯದ ಕಿರಣವನ್ನು ಎಷ್ಟೋ ಸಲ ತೋರುತ್ತವೆ ಎಂಬುದು ಇದರ ಭಾವ.

ಇಲ್ಲಿನ ಅನುಕ್ರಮವನ್ನು ಗಮನಿಸಬೇಕು. ಬಾಳುವೆ, ನಡತೆ ಮೊದಲು, ಬೋಧನೆ ಆಮೇಲೆ. ನೆರೆಯವರ ಶಾಸ್ತ್ರ ಓದದವನಿಗೂ ಅವರು ಬದುಕುವ ರೀತಿ ಕಾಣುತ್ತದೆ. ಇನ್ನು ಬೆಳಕಿನ ಈ ಮಾತು ಯೊವಾನ್ನನ ಶುಭಸಂದೇಶದ ಪೀಠಿಕೆಯಿಂದ ಬಂದದ್ದು. ಪರಧರ್ಮಗೌರವಕ್ಕೆ ಆಧಾರ ಕ್ರೈಸ್ತಶ್ರದ್ಧೆಯ ಒಳಗೇ ಇದೆ, ಹೊರಗಿನಿಂದ ಸಾಲ ತರಬೇಕಾಗಿಲ್ಲ. ಘೋಷಣೆಗೆ ಹಿಂದಿನ ವರ್ಷ, 1964ರ ಡಿಸೆಂಬರಿನಲ್ಲಿ, ಮುಂಬಯಿಗೆ ಬಂದಿದ್ದ ಪೋಪ್ ಆರನೆಯ ಪೌಲರು ವಿವಿಧ ಧರ್ಮಗಳ ಪ್ರತಿನಿಧಿಗಳ ಮುಂದೆ ಬೃಹದಾರಣ್ಯಕೋಪನಿಷತ್ತಿನ ಪ್ರಾರ್ಥನೆಯೊಂದನ್ನು ಉಲ್ಲೇಖಿಸಿದ್ದರು.

ಮೂರನೆಯದು. ಹಾಗಿದ್ದೂ ಕ್ರಿಸ್ತನನ್ನು ಸಾರುವುದು ತನ್ನ ಬಿಡಲಾಗದ ಕರ್ತವ್ಯ ಎನ್ನುತ್ತದೆ ಧರ್ಮಸಭೆ.

ಇಡೀ ಭಾಗದಲ್ಲಿ ಕಷ್ಟದ ವಾಕ್ಯ ಇದೇ. ಉದಾರಿಗಳಿಗೆ ಇದು ಇಲ್ಲದಿದ್ದರೆ ಚೆನ್ನಾಗಿತ್ತು ಎನ್ನಿಸುತ್ತದೆ. ಕಟ್ಟುನಿಟ್ಟಿನವರಿಗೆ ಇದೊಂದೇ ಇದ್ದರೆ ಸಾಕಿತ್ತು. ನನಗೆ ಇದು ಮೇಲಿನ ಎರಡು ವಾಕ್ಯಗಳಿಗೆ ಪ್ರಾಮಾಣಿಕತೆ ತಂದುಕೊಡುವ ಮಾತಾಗಿ ಕಾಣುತ್ತದೆ. ತನ್ನ ನಂಬಿಕೆಯನ್ನು ಮುಚ್ಚಿಟ್ಟುಕೊಂಡು ಇನ್ನೊಬ್ಬರ ನಂಬಿಕೆಯನ್ನು ಹೊಗಳುವವನನ್ನು ಯಾರು ನೆಚ್ಚುತ್ತಾರೆ?

ಆದರೆ ಸಾರುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಉತ್ತರ ಸಿಗುವುದು ಅದೇ ವರ್ಷ ಡಿಸೆಂಬರ್ 7ರಂದು, 70 ವಿರೋಧಮತಗಳಿಗೆ ಎದುರಾಗಿ 2,308 ಮತಗಳಿಂದ ಅಂಗೀಕಾರವಾದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ. ನಂಬಿಕೆ ಎಂಬುದು ಮನುಷ್ಯ ಸ್ವಇಚ್ಛೆಯಿಂದ ಕೊಡುವ ಉತ್ತರವಾದ್ದರಿಂದ ಬಲವಂತಕ್ಕೆ ಅಲ್ಲಿ ಎಡೆಯಿಲ್ಲ. ಬಲವಂತದ ವಾಸನೆಯಿರುವ ಅಥವಾ ಗೌರವಕ್ಕೆ ತಕ್ಕದ್ದಲ್ಲದ ಮನವೊಲಿಕೆ ಸಲ್ಲದು, ಬಡವರ ಮತ್ತು ಓದುಬರಹವಿಲ್ಲದವರ ನಡುವೆಯಂತೂ ಖಂಡಿತ ಸಲ್ಲದು ಎಂದು ಆ ದಾಖಲೆ ತಾನೇ ಎಚ್ಚರಿಸುತ್ತದೆ. ಮತಾಂತರದ ಮಾತೆತ್ತಿದೊಡನೆ ದನಿಯೇರುವ ನಮ್ಮ ದೇಶದಲ್ಲಿ ಈ ಎಚ್ಚರಿಕೆಯನ್ನು ಎರಡೂ ಕಡೆಯವರು ಓದಿಕೊಳ್ಳಬೇಕು. ಕ್ರೈಸ್ತ ಪ್ರಚಾರಕನ ಕೈಗೆ ಇದು ಹಾಕುವ ಮಿತಿ ಗಟ್ಟಿಯಾದದ್ದು. ಹಾಗೆಯೇ, ಒಬ್ಬ ಬಡವ ತಾನಾಗಿ ಯೋಚಿಸಿ ತೆಗೆದುಕೊಂಡ ತೀರ್ಮಾನವನ್ನು ಅನುಮಾನಿಸುವ ಹಕ್ಕನ್ನು ಅದು ಯಾರಿಗೂ ಕೊಡುವುದಿಲ್ಲ.

ಸರಕಾರಗಳಿಗೂ ಅಲ್ಲೊಂದು ಕಟ್ಟಳೆಯಿದೆ. ಯಾವುದಾದರೂ ನಾಡಿನಲ್ಲಿ ಒಂದು ಧರ್ಮಕ್ಕೆ ವಿಶೇಷ ಮನ್ನಣೆ ಇದ್ದರೂ ಮಿಕ್ಕವರೆಲ್ಲರ ಧಾರ್ಮಿಕ ಸ್ವಾತಂತ್ರ್ಯವನ್ನು ಕಾಪಾಡಲೇಬೇಕು. ಇದರ ಬಿಸಿ ಮೊದಲು ತಟ್ಟಿದ್ದು ಕಥೋಲಿಕ ದೇಶಗಳಿಗೇ. ಫ್ರಾಂಕೋ ಆಳ್ವಿಕೆಯ ಸ್ಪೇನಿನಲ್ಲಿ ಕಥೋಲಿಕ ಧರ್ಮವೇ ರಾಜ್ಯಧರ್ಮ. ಪ್ರೊಟೆಸ್ಟೆಂಟರು ತಮ್ಮ ಆರಾಧನೆಯನ್ನು ಸಾರ್ವಜನಿಕವಾಗಿ ತೋರಿಸಿಕೊಳ್ಳುವಂತಿರಲಿಲ್ಲ. ರೋಮೇ ಹೀಗೆ ಹೇಳಿದ ಮೇಲೆ ಸ್ಪೇನ್ 1967ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ತರಬೇಕಾಯಿತು. ಭಾರತ ತನ್ನ ಸಂವಿಧಾನದ 25ನೆಯ ವಿಧಿಯಲ್ಲಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಸಮನಾಗಿ ಕೊಟ್ಟು ಆಗಲೇ ಹದಿನೇಳು ವರ್ಷ ಕಳೆದಿತ್ತು.

ನಾಲ್ಕನೆಯದು. ಅನ್ಯಧರ್ಮೀಯರೊಡನೆ ವಿವೇಕದಿಂದ, ಪ್ರೀತಿಯಿಂದ ಸಂವಾದಕ್ಕೂ ಸಹಕಾರಕ್ಕೂ ತೊಡಗಿ ಎಂಬ ಕರೆ. ಇದಕ್ಕೆ ಹೆಚ್ಚು ವಿವರಣೆ ಬೇಡ. ಇಂಥದೇ ಕೆಲಸಕ್ಕೆ ಪ್ರೊಟೆಸ್ಟೆಂಟ್ ಮತ್ತು ಆರ್ಥೊಡಾಕ್ಸ್ ಸಭೆಗಳ ವಿಶ್ವ ಸಭೆಗಳ ಒಕ್ಕೂಟ 1971ರಲ್ಲಿ ಒಂದು ವಿಭಾಗ ತೆರೆದಾಗ ಅದರ ಮೊದಲ ನಿರ್ದೇಶಕರಾದವರು ನಮ್ಮ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ.

ಐದನೆಯದು. ಸ್ವಂತ ನಂಬಿಕೆಗೆ ಸಾಕ್ಷಿಯಾಗಿದ್ದುಕೊಂಡೇ, ಬೇರೆಯವರಲ್ಲಿರುವ ಆಧ್ಯಾತ್ಮಿಕ, ನೈತಿಕ, ಸಾಂಸ್ಕೃತಿಕ ಒಳಿತನ್ನು ಗುರುತಿಸಿ, ಕಾಪಾಡಿ, ಬೆಳೆಸಿ ಎಂಬ ಸೂಚನೆ.

1969ರಲ್ಲಿ ರೋಮಿನ ಒಪ್ಪಿಗೆ ಪಡೆದು ಭಾರತದ ಕಥೋಲಿಕ ಪೂಜಾವಿಧಿಗೆ ಆರತಿ, ದೀಪ, ನೆಲದ ಮೇಲೆ ಕೂರುವುದು, ಕೈಮುಗಿದು ನಮಸ್ಕರಿಸುವುದು ಬಂದವು. ಬೆಂಗಳೂರಿನಲ್ಲಿ ಕಥೋಲಿಕ ಪಾದ್ರಿ ಅಮಲೋರ್ಪವದಾಸ್ ಕಟ್ಟಿದ, ಬೈಬಲ್, ಧರ್ಮಬೋಧನೆ ಮತ್ತು ಪೂಜಾವಿಧಿಗಳ ರಾಷ್ಟ್ರೀಯ ಕೇಂದ್ರ ಇದಕ್ಕಾಗಿ ದುಡಿಯಿತು. ಕೆಲವು ಹಿಂದೂಗಳೂ ಕೆಲವು ಕಥೋಲಿಕರೂ ಇದನ್ನು ಆಕ್ಷೇಪಿಸಿದರು. ಆ ಪ್ರಯತ್ನದ ಪ್ರೀತಿಯನ್ನು ನಾನು ಅಲ್ಲಗಳೆಯಲಾರೆ. ಆದರೂ ವಾಕ್ಯ ಕೇಳುತ್ತಿರುವುದು ಇನ್ನೂ ದೊಡ್ಡದನ್ನು. ನೆರೆಯವರ ಒಳಿತನ್ನು ನಮ್ಮ ಮನೆಗೆ ತಂದುಕೊಳ್ಳುವುದಷ್ಟೇ ಸಾಲದು. ಅದು ಅವರಲ್ಲಿ ಅವರದಾಗಿಯೇ ಉಳಿದು ಬೆಳೆಯಲು ನೆರವಾಗಬೇಕು. ದೇಗುಲದ ಮೇಲೋ ಮಸೀದಿಯ ಮೇಲೋ ಕಲ್ಲು ಬಿದ್ದರೆ, ಅದು ತನ್ನ ಚರ್ಚಿನ ಮೇಲೆ ಬಿದ್ದಾಗ ಆಡುವಷ್ಟೇ ಗಟ್ಟಿಯಾಗಿ ಕ್ರೈಸ್ತನು ಮಾತನಾಡಬೇಕಾಗುತ್ತದೆ.

ಕೊನೆಯ ಭಾಗದ ಮಾತು. ಕೆಲವರನ್ನು ಸೋದರರಂತೆ ಕಾಣಲು ಒಪ್ಪದವನು ದೇವರನ್ನು ಎಲ್ಲರ ತಂದೆಯೆಂದು ಕರೆಯಲಾರ. ಆದ್ದರಿಂದ ಕುಲ, ಬಣ್ಣ, ಅಂತಸ್ತು, ಧರ್ಮಗಳ ಹೆಸರಿನ ಭೇದಭಾವಕ್ಕೆ ನೆಲೆಯೇ ಇಲ್ಲ. ಜಾತಿಯ ಗೆರೆಗಳನ್ನು ತನ್ನೊಳಗೇ ಉಳಿಸಿಕೊಂಡಿರುವ ಭಾರತದ ಧರ್ಮಸಭೆಗೆ ಇದು ನೇರವಾಗಿ ನಾಟುವ ಮಾತು. ಆಮೇಲೆ ಘೋಷಣೆ, ನಿಮ್ಮಿಂದ ಸಾಧ್ಯವಾದಷ್ಟು ಎಲ್ಲರೊಡನೆ ಸಮಾಧಾನದಿಂದ ಬಾಳಿ ಎಂಬ ಸಂತ ಪೌಲನ ಬುದ್ಧಿಮಾತಿನತ್ತ ತಿರುಗುತ್ತದೆ. ಪೌಲ ಅದನ್ನು ಬರೆದದ್ದು ರೋಮನ್ ಸಾಮ್ರಾಜ್ಯದ ರಾಜಧಾನಿಯಲ್ಲಿದ್ದ, ಯಾವ ಅಧಿಕಾರವೂ ಇಲ್ಲದ ಸಣ್ಣ ಗುಂಪಿಗೆ. ಮಹಾಸಭೆ ಅದನ್ನೇ ಮಂಗಳೂರಿನ ಅಲ್ಪಸಂಖ್ಯಾತ ಕ್ರೈಸ್ತರಿಗೂ ಫಿಲಿಪ್ಪೀನ್ಸಿನ ಬಹುಸಂಖ್ಯಾತ ಕ್ರೈಸ್ತರಿಗೂ ಒಂದೇ ಅಳತೆಯಲ್ಲಿ ವಿಧಿಸಿದೆ. ಸಾಧ್ಯವಾದಷ್ಟು ಎಂಬ ಷರತ್ತು ಅಧಿಕಾರ ಕೈಯಲ್ಲಿರುವವರ ಮೇಲೆ ಹೆಚ್ಚು ಭಾರ ಹೊರಿಸುತ್ತದೆ, ಅವರಿಂದ ಸಾಧ್ಯವಾಗುವುದೇ ಹೆಚ್ಚು.