ಕೂಲಿಯಿಲ್ಲದ ಯಾನ: ಒಂದು ಗಣಕಯಂತ್ರದ ಆಟದ ಕುರಿತು

ಸಾಹಿತ್ಯದ ವಾರ್ಷಿಕದಲ್ಲಿ ಗಣಕಯಂತ್ರದ ಆಟಕ್ಕೇನು ಕೆಲಸ ಎಂದು ಓದುಗರಲ್ಲಿ ಕೆಲವರಾದರೂ ಕೇಳಿಯಾರು. ನಾನೂ ಕೇಳಿಕೊಂಡವನೇ. ಕಳೆದ ಬೇಸಗೆ ರಜೆಯಲ್ಲಿ ತಂಗಿಯ ಮಗ ನಮ್ಮ ಮನೆಯಲ್ಲಿದ್ದ. ರಾತ್ರಿ ಎರಡು ಗಂಟೆಯವರೆಗೆ ಅವನ ಕೋಣೆಯ ದೀಪ ಆರುತ್ತಿರಲಿಲ್ಲ. 'ನೀನಾದರೂ ಎರಡು ಮಾತು ಬುದ್ಧಿ ಹೇಳು' ಎಂದು ತಂಗಿ ನನಗೆ ಒಪ್ಪಿಸಿದಳು. ಬುದ್ಧಿ ಹೇಳುವ ಮೊದಲು ವಸ್ತುವನ್ನು ನೋಡಬೇಕು ಎಂಬುದು ಮೂವತ್ತು ವರ್ಷ ಪದ್ಯ ಪಾಠ ಮಾಡಿದ ನನ್ನ ಹಳೆಯ ರೂಢಿ. ಕುರ್ಚಿ ಎಳೆದು ಅವನ ಪಕ್ಕದಲ್ಲಿ ಕುಳಿತೆ. ಬುದ್ಧಿ ಹೇಳುವುದು ಅಲ್ಲಿಗೇ ನಿಂತುಹೋಯಿತು.

ಆಟದ ಹೆಸರು ಕರ್ಬಲ್ ಸ್ಪೇಸ್ ಪ್ರೋಗ್ರಾಂ. ಮೆಕ್ಸಿಕೋದ ಸ್ಕ್ವಾಡ್ ಎಂಬ ಸಂಸ್ಥೆ 2011ರ ಜೂನ್‌ನಲ್ಲಿ ಇದರ ಮೊದಲ ಕರಡನ್ನು ಜನರ ಮುಂದಿಟ್ಟಿತು. ಪೂರ್ಣ ರೂಪ ಬಂದದ್ದು 2015ರ ಏಪ್ರಿಲ್‌ನಲ್ಲಿ. ರೂಪಿಸಿದವನು ಫೆಲಿಪೆ ಫಲಾಂಗೆ. ಹುಡುಗನಾಗಿದ್ದಾಗ ಬಾಣ ಬಿರುಸುಗಳಿಗೆ ಪುಟ್ಟ ತಗಡಿನ ಗೊಂಬೆಗಳನ್ನು ಕೂರಿಸಿ ಹಾರಿಸುತ್ತಿದ್ದನಂತೆ. ಆ ಗೊಂಬೆಗಳಿಗೆ ಅವನಿಟ್ಟ ಹೆಸರೇ ಕರ್ಬಲ್. ಆಟದಲ್ಲಿ ಅವರು ದೊಡ್ಡ ತಲೆಯ, ಹಸಿರು ಮೈಯ ಕುಳ್ಳರು. ಇಂಧನದ ಪೀಪಾಯಿ, ಯಂತ್ರ, ರೆಕ್ಕೆ, ಕೋಶಗಳನ್ನು ಒಂದಕ್ಕೊಂದು ಜೋಡಿಸಿ ಆಟಗಾರ ನೌಕೆ ಕಟ್ಟಬೇಕು, ಹಾರಿಸಬೇಕು. ಇಂಧನ ಸಾಲದೆಂದು ಪೀಪಾಯಿ ಸೇರಿಸಿದರೆ ಭಾರ ಹೆಚ್ಚುತ್ತದೆ. ಭಾರ ಎತ್ತಲು ಮತ್ತೆ ಇಂಧನ ಬೇಕು. ರಷ್ಯದ ತ್ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಲೆಕ್ಕ ಇದೇ. ಕರ್ಬಲರ ಲೋಕ ಚಿಕ್ಕದು, ಅದರ ತ್ರಿಜ್ಯ 600 ಕಿಲೋಮೀಟರ್ ಮಾತ್ರ. ನಮ್ಮ ಭೂಮಿಯ ಸಮೀಪದ ಕಕ್ಷೆಗೆ ಸೆಕೆಂಡಿಗೆ ಏಳೂಮುಕ್ಕಾಲು ಕಿಲೋಮೀಟರಿನಷ್ಟು ವೇಗ ಬೇಕಾದರೆ ಅಲ್ಲಿ ಎರಡೂಕಾಲರ ಆಸುಪಾಸು ಸಾಕು. ಅಳತೆಯನ್ನು ಕುಗ್ಗಿಸಿದ್ದಾರೆ, ಚಲನೆಯ ನಿಯಮವನ್ನು ಕುಗ್ಗಿಸಿಲ್ಲ.

ನಾನು ನೋಡಿದ ರಾತ್ರಿ ಹುಡುಗನ ನೌಕೆ ಅಲ್ಲಿಯ ಚಂದ್ರನ ಮೇಲೆ ಇಳಿಜಾರಿನಲ್ಲಿ ಇಳಿದು ಮಗ್ಗುಲಿಗೆ ಉರುಳಿತು. ಒಳಗಿದ್ದವನು ಬದುಕಿದ, ಆದರೆ ಮರಳುವ ದಾರಿ ಮುಚ್ಚಿತು. ಹಾರುವುದಕ್ಕೆ ಮೊದಲಿನ ಗಳಿಗೆಗೆ ಹಿಂತಿರುಗುವ ಗುಂಡಿ ಆಟದಲ್ಲಿದೆ. ಒತ್ತಿದರೆ ಏನೂ ಆಗಿಯೇ ಇಲ್ಲ. ಹುಡುಗ ಒತ್ತಲಿಲ್ಲ. ಇನ್ನೊಂದು ನೌಕೆ ಕಟ್ಟಲು ಕುಳಿತ. ಮರುದಿನ ಅದು ಸರಿಯಾಗಿಯೇ ಇಳಿಯಿತು. ಸಿಕ್ಕಿಬಿದ್ದವನು ನಡೆದುಬಂದು ಬಾಗಿಲು ತಟ್ಟಿದ. ಆಗ ತಿಳಿಯಿತು, ನೌಕೆಯಲ್ಲಿದ್ದದ್ದು ಒಂದೇ ಆಸನ, ಅದರಲ್ಲಿ ಬಿಡಿಸಲು ಬಂದವನೇ ಕುಳಿತಿದ್ದಾನೆ! ಇಬ್ಬರೂ ನಕ್ಕೆವು. ಆಮೇಲೆ ಮೂರನೆಯ ನೌಕೆ.

ನಾನು ಹಿಡಿಯಬಯಸುವುದು ಈ ಮೂರನೆಯ ನೌಕೆಯ ಪ್ರೇರಣೆಯನ್ನು. ಮೂಲ ಆಟದಲ್ಲಿ ಕರ್ಬಲರಿಗೆ ಅನ್ನ ಬೇಡ, ಗಾಳಿ ಮುಗಿಯುವುದಿಲ್ಲ. ಸಿಕ್ಕಿಬಿದ್ದವನು ನೂರು ವರ್ಷ ಅಲ್ಲೇ ನಿಂತರೂ ಸಾಯುವುದಿಲ್ಲ. ಹುಡುಗ ಆಡುತ್ತಿದ್ದ ಬಗೆಯಲ್ಲಿ ಹಣವಿಲ್ಲ, ಅಂಕವಿಲ್ಲ, ಗೆಲುವೆಂಬುದೂ ಇಲ್ಲ. ಯಾರೂ ಹೇಳದ ಕೆಲಸಕ್ಕೆ ಅವನು ಮೂರು ರಾತ್ರಿ ನಿದ್ದೆಗೆಟ್ಟ.

ಆಟಗಾರರ ಪ್ರೇರಣೆಯನ್ನು ವಿಂಗಡಿಸಿದವರು ಉಂಟು. ಇಂಗ್ಲೆಂಡಿನ ರಿಚರ್ಡ್ ಬಾರ್ಟಲ್ 1996ರ ಪ್ರಬಂಧವೊಂದರಲ್ಲಿ ಅವರನ್ನು ಇಸ್ಪೀಟಿನ ನಾಲ್ಕು ಬಗೆಯ ಎಲೆಗಳಿಗೆ ಹೋಲಿಸಿದ: ಸಾಧಿಸುವವರು, ಶೋಧಿಸುವವರು, ಸ್ನೇಹ ಬೆಳೆಸುವವರು, ಇತರರನ್ನು ಕೆಡಹುವವರು. ಬಹುಮಂದಿ ಒಟ್ಟಾಗಿ ಆಡುವ ಆಟಗಳನ್ನು ನೋಡಿ ಮಾಡಿದ ವಿಂಗಡಣೆ ಅದು, ಅಲ್ಲಿಗೆ ಒಪ್ಪುತ್ತದೆ. ನಮ್ಮ ಹುಡುಗನನ್ನು ಯಾವ ಎಲೆಯ ಮೇಲೆ ಕೂರಿಸಲಿ? ಅವನು ಹೊಸ ಜಾಗ ಹುಡುಕಲಿಲ್ಲ, ಹೋದಲ್ಲಿಗೇ ಮೂರು ಸಲ ಹೋದ. ಸಾಧನೆ ಎನ್ನೋಣವೆಂದರೆ ಅದನ್ನು ಎಣಿಸುವವರು ಯಾರೂ ಇಲ್ಲ. ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದು ಅಷ್ಟು ಅಪರಿಚಿತವಲ್ಲ. ವಾಲಿ ಸಾಯುತ್ತಾನೆಂದು ಅರ್ಥಧಾರಿಗೂ ಗೊತ್ತು, ಚಾಪೆಯ ಮೇಲಿನ ಅಜ್ಜನಿಗೂ ಗೊತ್ತು. ಆದರೂ ವಾಲಿಯ ವಾದವನ್ನು ಆತ ಬೆಳಗಿನ ಜಾವದವರೆಗೆ ಕಟ್ಟುತ್ತಾನೆ. ತಾನು ಕಟ್ಟಿದ್ದಕ್ಕೆ ತಾನೇ ಹೊಣೆ ಎಂಬ ಭಾವ ಅಲ್ಲಿ ಕೆಲಸ ಮಾಡುತ್ತದೆ. ಕೆಟ್ಟ ನೌಕೆ ಕಟ್ಟಿದ್ದು ನಾನು, ಅದರಿಂದ ಸಿಕ್ಕಿಬಿದ್ದವನು ನನ್ನವನು. ಹುಡುಗ ಇಷ್ಟು ಬಿಡಿಸಿ ಹೇಳಲಿಲ್ಲ. 'ಅವನನ್ನು ಅಲ್ಲೇ ಬಿಡಲಿಕ್ಕೆ ಆಗುತ್ತದಾ ಮಾವ?' ಎಂದ, ಅಷ್ಟೆ.

ಆಟವನ್ನು ಮಾಡಿದವರಿಗೆ ತಮ್ಮ ಆಟದ ಈ ಗುಣ ಪೂರ್ತಿ ತಿಳಿದಿತ್ತೇ ಎಂಬುದು ನನ್ನ ಅನುಮಾನ. 2014ರಲ್ಲಿ ಅವರು ಇದಕ್ಕೆ ಹಣದ ಲೆಕ್ಕವನ್ನೂ ಗುತ್ತಿಗೆಗಳನ್ನೂ ಸೇರಿಸಿದರು. ಇಂಥ ಕಡೆ ಹೋಗಿ ಬಂದರೆ ಇಷ್ಟು ಹಣ, ಇಷ್ಟು ಕೀರ್ತಿ. ಆ ಗುತ್ತಿಗೆಗಳಲ್ಲಿ ಒಂದು ಬಗೆ, ಕಕ್ಷೆಯಲ್ಲಿ ಸಿಕ್ಕಿಬಿದ್ದ ಅಪರಿಚಿತನೊಬ್ಬನನ್ನು ತರುವುದು. ತಂದರೆ ಸಂಭಾವನೆಯ ಜೊತೆಗೆ ಅವನೂ ನಿಮ್ಮ ತಂಡಕ್ಕೆ ಸೇರುತ್ತಾನೆ. ಹೊಸಬರನ್ನು ನೇಮಿಸಲು ತಂಡ ಬೆಳೆದಂತೆ ಖರ್ಚು ಏರುತ್ತದೆ. ಹಾಗಾಗಿ ಇದು ಪುಕ್ಕಟೆ ಆಳು ಸಿಗುವ ದಾರಿ. ಹುಡುಗ ಅದನ್ನೂ ಆಡಿ ತೋರಿಸಿದ. ನೌಕೆ ಅದೇ, ಕಕ್ಷೆಯ ಲೆಕ್ಕ ಅದೇ, ಆದರೆ ಅವನ ಮುಖದಲ್ಲಿ ಮೊದಲಿನ ಆತಂಕ ಇರಲಿಲ್ಲ. ಬಂದವನ ಹೆಸರನ್ನೂ ಅವನು ಓದಲಿಲ್ಲ. ಪ್ರೀತಿಯಿಂದ ಮಾಡುತ್ತಿದ್ದ ಕೆಲಸಕ್ಕೆ ಕೂಲಿ ಕೊಟ್ಟೊಡನೆ ಅದು ಕೂಲಿಯ ಕೆಲಸವಾಯಿತು. ಹಣದ ಕಟ್ಟು ಇಲ್ಲದಿದ್ದರೆ ಹೊಸ ಆಟಗಾರ ದಿಕ್ಕು ತಪ್ಪುತ್ತಾನೆ ಎಂಬ ಸಮರ್ಥನೆ ಇದೆ, ನಿಜವೂ ಇದ್ದೀತು. ಕಡಿಮೆ ಬೆಲೆಗೆ ಅಚ್ಚುಕಟ್ಟಾದ ನೌಕೆ ಕಟ್ಟುವುದರಲ್ಲಿ ಒಂದು ಜಾಣತನದ ಸುಖವೂ ಉಂಟು. ಆದರೂ ಕೃತಿಯೊಂದು ತನ್ನ ರಸಿಕನನ್ನು ನಂಬದೆ ಲಂಚ ಕೊಟ್ಟಂತೆ ನನಗೆ ಕಂಡಿತು.

ಇನ್ನೊಂದು ಕಡೆ ಅವರು ತಪ್ಪಿಯೂ ಗೆದ್ದಿದ್ದಾರೆ. ಚರಿತ್ರೆಯಲ್ಲಿ ಮೊದಲು ಹೋದದ್ದು ಬರಿಯ ಯಂತ್ರ, 1957ರ ಸ್ಪುಟ್ನಿಕ್. ಯೂರಿ ಗಗಾರಿನ್ ಹೋದದ್ದು 1961ರಲ್ಲಿ. ಈ ಗುತ್ತಿಗೆಯ ಆಟದಲ್ಲಿ ಕ್ರಮ ತಿರುಗಾಮುರುಗ: ಮೊದಲು ಸಿಗುವುದು ಮನುಷ್ಯ ಕೂರುವ ಕೋಶ, ಆಳಿಲ್ಲದ ನೌಕೆ ಆಮೇಲೆ. ಇತಿಹಾಸ ಪಾಠವಾಗಿ ಇದು ಕೆಟ್ಟದ್ದು. ಆದರೆ ಮೊದಲ ಗಳಿಗೆಯಿಂದಲೇ ಒಂದು ಜೀವ ನಿಮ್ಮ ಕೈಯಲ್ಲಿರುತ್ತದೆ. ಆ ಜೀವದ ಅರ್ಹತೆಗಳ ಪಟ್ಟಿಯಲ್ಲಿ ಧೈರ್ಯ ಎಷ್ಟು, ಮೂರ್ಖತನ ಎಷ್ಟು ಎಂದು ಅಳೆದು ತೋರಿಸಿರುವುದನ್ನು ಕಂಡು ನಾನು ಬಹಳ ಹೊತ್ತು ನಕ್ಕೆ. ಇಷ್ಟು ಪ್ರಾಮಾಣಿಕ ನೇಮಕಾತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಂಗಿ ಕೇಳಿದ್ದು, 'ಇದರಿಂದ ಏನು ಸಿಗುತ್ತದೆ?' ಎಂದು. ಈ ಪ್ರಶ್ನೆ ನಮ್ಮ ಮನೆಗಳಿಗೆ ಹೊಸದಲ್ಲ. ಕಾಸರಗೋಡಿನಲ್ಲಿ ಮಗನನ್ನು ಕನ್ನಡ ಶಾಲೆಗೆ ಸೇರಿಸಿದ ಪ್ರತಿಯೊಬ್ಬ ತಂದೆಯೂ ಇದನ್ನು ಕೇಳಿಸಿಕೊಂಡಿದ್ದಾನೆ. ನನ್ನ ತಂದೆಗೂ ಕೇಳಿದ್ದರು, ನನ್ನನ್ನೂ ಕೇಳಿದರು. ನಾನು ಆಗೆಲ್ಲ ಲಾಭಗಳ ಪಟ್ಟಿಯನ್ನೇ ಕೊಡುತ್ತಿದ್ದೆ: ಅಂಕ ಬರುತ್ತದೆ, ಮೀಸಲು ಹುದ್ದೆ ಉಂಟು ಎಂದು. ಪಟ್ಟಿ ಸುಳ್ಳಲ್ಲ. ಆದರೆ ನಾನು ಕನ್ನಡ ಕಲಿಸಿದ್ದು ಆ ಪಟ್ಟಿಗಾಗಿ ಆಗಿರಲಿಲ್ಲ, ಹಾಗೆಂದು ಯಾರಿಗೂ ಹೇಳಲೂ ಇಲ್ಲ. ತಂಗಿಗೆ ಈ ಸಲ 'ಏನೂ ಸಿಗುವುದಿಲ್ಲ' ಎಂದೆ. ಅವಳಿಗೆ ಸಿಟ್ಟು ಬಂತು. ಹುಡುಗನ ಪರೀಕ್ಷೆಯ ವಿಚಾರದಲ್ಲಿ ಅವಳ ಸಿಟ್ಟು ನ್ಯಾಯವಾದದ್ದೇ.

ಅವನು ಕಣ್ಣೂರಿಗೆ ಮರಳುವ ಮುನ್ನ ನನ್ನ ಹಳೆಯ ಗಣಕಯಂತ್ರದಲ್ಲೂ ಆಟವನ್ನು ಹಾಕಿಕೊಟ್ಟ. ಯಂತ್ರ ಏದುತ್ತದೆ, ಆದರೂ ನಡೆಯುತ್ತದೆ. ಆದೇಶಗಳೆಲ್ಲ ಇಂಗ್ಲಿಷಿನಲ್ಲಿ, ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ನನ್ನ ಮೊದಲ ಏಳು ನೌಕೆಗಳು ಹಾರುದಾಣದ ಬಳಿಯೇ ಬಿದ್ದವು. ಎಂಟನೆಯದು ಕಕ್ಷೆಗೆ ಏರಿತು, ಇಳಿಯಲು ಇಂಧನ ಉಳಿಯಲಿಲ್ಲ. ಒಳಗೆ ವ್ಯಾಲೆಂಟಿನಾ ಎಂಬವಳು ಇದ್ದಾಳೆ. ಮೂವತ್ತು ನಿಮಿಷಗಳಿಗೊಮ್ಮೆ ಆ ಪುಟ್ಟ ಲೋಕವನ್ನು ಸುತ್ತುತ್ತಾಳೆ. ಒಂಬತ್ತನೆಯದಕ್ಕೆ ಎರಡು ಆಸನ ಹಾಕಿದ್ದೇನೆ.